ಬಿಸಿಲಿಗೆ ಪುಡಿಯಾಗುವ ಪ್ಲಾಸ್ಟಿಕ್, ಜೇಡಿಮಣ್ಣಿನ ಮದ್ದು

ಚಾಲಿ ಅಡಕೆ ಒಣಗಿಸಲು ಶೀಟು ಬೇಕೆಂದು ಶಿರಸಿ ಪೇಟೆಗೆ ಹೋದವರು ‘ಎಷ್ಟು ಮೈಕ್ರಾನ್?’ ಎಂದು ಕೇಳುತ್ತಾರೆ. ದಪ್ಪವಿದ್ದರೆ ಬಾಳಿಕೆ ಎಂಬ ಲೆಕ್ಕ. ಅದು ಅರ್ಧ ಮಾತ್ರ ಸರಿ. ಬೇಸಿಗೆಯುದ್ದಕ್ಕೂ ಬಿಸಿಲಲ್ಲಿ ಬಿದ್ದಿದ್ದ ಅಗ್ಗದ ನೀಲಿ ತಾಡಪಾಲನ್ನು ಮಡಚಿ ನೋಡಿ: ಮಡಿಕೆಯಲ್ಲೇ ಬಿರಿಯುತ್ತದೆ, ಉಜ್ಜಿದರೆ ಎಳೆ ಪುಡಿಯಾಗಿ ಬೆರಳಿಗೆ ಅಂಟುತ್ತದೆ. ಕಾರವಾರದ ಬೈತಖೋಲದಲ್ಲಿ ದೋಣಿ ಕಟ್ಟುವ ಪಾಲಿಪ್ರೊಪಿಲೀನ್ ಹಗ್ಗಕ್ಕೂ ಬಿಸಿಲಿನ ಕಾಟ ತಪ್ಪಿದ್ದಲ್ಲ.

ಕೇಡು ಮಾಡುವುದು 290ರಿಂದ 400 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಕಿರಣ. ಶುದ್ಧ ಪಾಲಿಥೀನ್ ಇದನ್ನು ಹೆಚ್ಚೇನೂ ಹೀರುವುದಿಲ್ಲ. ತಯಾರಿಕೆಯಲ್ಲಿ ಉಳಿದ ಕಲ್ಮಶಗಳು ಹೀರುತ್ತವೆ. ಅಲ್ಲಿಂದ ಶುರುವಾದ ಕೇಡಿಗೆ ಗಾಳಿಯ ಆಮ್ಲಜನಕವೂ ಸೇರಿ ಅಣುಸರಪಳಿಗಳು ತುಂಡಾಗುತ್ತಾ ಹೋಗುತ್ತವೆ.

ಹಳೆಯ ಮದ್ದು ಮಸಿ, ಅಂದರೆ ಕಾರ್ಬನ್ ಬ್ಲ್ಯಾಕ್. ತೋಟದ ಹನಿ ನೀರಾವರಿ ಪೈಪು ಕಪ್ಪಗಿರುವುದು ಅದಕ್ಕೇ. ಆದರೆ ಅಡಕೆ ಒಣಗಿಸುವ ಚಪ್ಪರಕ್ಕೆ ಬೆಳಕು ಬೇಕಲ್ಲ! ಪಾರದರ್ಶಕ ಹಾಳೆಗೆ 1970ರ ದಶಕದಲ್ಲಿ ‘ಹಾಲ್ಸ್’ ಎಂಬ ಅಮೈನುಗಳು (ಸಾರಜನಕದ ಸಂಯುಕ್ತಗಳು) ಬಂದವು. ಇವು ಕಿರಣವನ್ನು ತಡೆಯುವುದಿಲ್ಲ, ಒಳಗೆ ಹುಟ್ಟಿ ಸರಪಳಿ ತುಂಡರಿಸುವ ಚುರುಕು ಅಣುತುಣುಕುಗಳಾದ ರಾಡಿಕಲ್‌ಗಳನ್ನು ಹಿಡಿಯುತ್ತವೆ. ಗಂಧಕ, ಕ್ಲೋರಿನ್ ಇರುವ, ಬೆಳೆಗೆ ಹೊಡೆಯುವ ಔಷಧಿ ಸೋಕಿದರೆ ಮಾತ್ರ ಅವುಗಳ ಬಲ ಕುಗ್ಗುತ್ತದೆ.

ಜೇಡಿಮಣ್ಣು ಬಂದದ್ದು ಬೇರೆಯೇ ದಾರಿಯಲ್ಲಿ. 1980ರ ದಶಕದಲ್ಲಿ ಜಪಾನಿನ ಟೊಯೊಟಾ ಸಂಶೋಧಕರು ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ, ಸುಮಾರು ಒಂದು ನ್ಯಾನೊಮೀಟರ್ ದಪ್ಪದ ಪದರಗಳನ್ನು ಬಿಡಿಸಿ ನೈಲಾನಿನಲ್ಲಿ ಹರಡಿದರು. ಅವರಿಗೆ ಬೇಕಿದ್ದದ್ದು ಗಟ್ಟಿತನ, ಶಾಖ ತಡೆಯುವ ಶಕ್ತಿ. ಬಿಸಿಲಿನ ವಿಚಾರ ಲೆಕ್ಕದಲ್ಲೇ ಇರಲಿಲ್ಲ.

ಮುಂದೆ ಪಾಲಿಪ್ರೊಪಿಲೀನಿಗೂ ಇದನ್ನೇ ಬೆರೆಸಿ ಬಿಸಿಲಿಗೊಡ್ಡಿದಾಗ ಫಲ ಉಲ್ಟಾ ಆಯಿತು: ಮಣ್ಣು ಸೇರಿದ ಪ್ಲಾಸ್ಟಿಕ್ಕೇ ಬೇಗ ಕೆಟ್ಟಿತು. ಒಂದು ಕಾರಣ ಜೇಡಿಯೊಳಗಿನ ಕಬ್ಬಿಣ. ಪ್ಲಾಸ್ಟಿಕ್ಕಿನ ಜೊತೆ ಜೇಡಿ ಹೊಂದಲೆಂದು ಸವರಿದ ಅಮೋನಿಯಂ ಲವಣವೂ ಕರಗಿಸುವ ಶಾಖಕ್ಕೆ ಒಡೆದು ಕೇಡಿಗೆ ದಾರಿ ಮಾಡುತ್ತದೆ. ‘ನ್ಯಾನೊ ಕ್ಲೇ ಹಾಕಿದ್ದೇವೆ, ಬಿಸಿಲು ತಾಗುವುದಿಲ್ಲ’ ಎಂಬ ಮಾತನ್ನು ಹಾಗೇ ನಂಬಬೇಕಾಗಿಲ್ಲ.

ಹಾಗಾಗಿ ಮಣ್ಣನ್ನೇ ಗುರಾಣಿ ಮಾಡುವ ಬದಲು, ಕಿರಣ ಹೀರುವ ರಾಸಾಯನಿಕವನ್ನು ಅದರ ಪದರಗಳ ನಡುವೆ ಕೂರಿಸುವ ಪ್ರಯೋಗಗಳು ನಡೆದವು. ಸಿಕ್ಕಿಕೊಂಡ ರಾಸಾಯನಿಕ ಸುಲಭಕ್ಕೆ ಆವಿಯಾಗುವುದಿಲ್ಲ, ಮಳೆಗೆ ತೊಳೆದೂ ಹೋಗುವುದಿಲ್ಲ. ಇದಕ್ಕೆ ಹೆಚ್ಚು ಒಗ್ಗಿದ್ದು ಜೇಡಿಯಂತೆಯೇ ಪದರಪದರವಾಗಿರುವ ಹೈಡ್ರೊಟಾಲ್ಸೈಟ್ ಜಾತಿಯ ಖನಿಜ. ಅದನ್ನು ಕಬ್ಬಿಣವಿಲ್ಲದೆ ಕಾರ್ಖಾನೆಯಲ್ಲೇ ತಯಾರಿಸಬಹುದು. ಹಸಿರುಮನೆ ಹಾಳೆಗಳಲ್ಲಿ ಇದು ಈಗಾಗಲೇ ಇದೆ, ಆದರೆ ಬೇರೆ ಕೆಲಸಕ್ಕೆ: ರಾತ್ರಿ ನೆಲದ ಶಾಖವನ್ನು ಒಳಗೇ ಉಳಿಸುವುದು ಒಂದು, ಔಷಧಿಯಿಂದ ಹುಟ್ಟುವ ಆಮ್ಲವನ್ನು ಹೀರಿ ‘ಹಾಲ್ಸ್’ ಕೆಡದಂತೆ ಕಾಯುವುದು ಇನ್ನೊಂದು.