ಬ್ಯಾಂಕಿನ ವ್ಯಾಲ್ಯುಯರ್ ಬರುವ ಮುನ್ನ ಮನೆಗೆ ಬಣ್ಣ ಹೊಡೆಸಬೇಕೆ?

ಪ್ರಶ್ನೆ: 30x40 ನಿವೇಶನದಲ್ಲಿ 20 ವರ್ಷದ ಹಿಂದೆ ಕಟ್ಟಿಸಿದ ಮನೆ ನಮ್ಮದು. ಅದರ ಮೇಲೆ ಸಾಲಕ್ಕೆ ಅರ್ಜಿ ಹಾಕಿದ್ದೇವೆ. ಇನ್ನು ಹತ್ತು ದಿನಕ್ಕೆ ಬ್ಯಾಂಕಿನ ಕಡೆಯಿಂದ ವ್ಯಾಲ್ಯುಯರ್ (ಮನೆಗೆ ಬೆಲೆ ಕಟ್ಟುವವರು) ಬರುತ್ತಾರಂತೆ. ಒಳಗೂ ಹೊರಗೂ ಬಣ್ಣ ಹೊಡೆಸಿದರೆ ಬೆಲೆ ಜಾಸ್ತಿ ಬರುತ್ತದೆಯೆ? ಬೇರೆ ಏನು ತಯಾರಿ ಬೇಕು?

ಉತ್ತರ: ಬಣ್ಣದ ದುಡ್ಡು ಉಳಿಸಿಕೊಳ್ಳಿ. ಆ ಹತ್ತು ದಿನವನ್ನು ಕಾಗದಪತ್ರಕ್ಕೂ ತಾರಸಿಗೂ ಕೊಡಿ.

ಯಾಕೆ ಎನ್ನುವುದು ಬೆಲೆ ಕಟ್ಟುವ ಲೆಕ್ಕದಲ್ಲೇ ಇದೆ. ಸ್ವತಂತ್ರ ಮನೆಗೆ ನಿವೇಶನದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ ಹಿಡಿದು ಕೂಡಿಸುತ್ತಾರೆ. ಉದಾಹರಣೆಗೆ ನಿಮ್ಮ ಬಡಾವಣೆಯಲ್ಲಿ ಚದರಡಿಗೆ ₹5,000 ನಡೆಯುತ್ತಿದೆ ಎಂದುಕೊಳ್ಳಿ. 1,200 ಚದರಡಿಗೆ ₹60 ಲಕ್ಷ. ಕಟ್ಟಡ ಕೆಳಗೆ 900, ಮೇಲೆ 600, ಒಟ್ಟು 1,500 ಚದರಡಿ. ಇವತ್ತು ಹೊಸದಾಗಿ ಕಟ್ಟಲು ಚದರಡಿಗೆ ₹2,000 ಹಿಡಿದರೆ ₹30 ಲಕ್ಷ. ಇದರಲ್ಲಿ ಸವಕಳಿ, ಅಂದರೆ ಹಳತಾದಂತೆ ಇಳಿಯುವ ಬೆಲೆ, ಕಳೆಯಬೇಕು. ಆರ್‌ಸಿಸಿ ಮನೆಗೆ ಸಾಮಾನ್ಯವಾಗಿ 60 ವರ್ಷ ಆಯುಷ್ಯ, ಕೊನೆಗೆ ಉಳಿಯುವ ಬೆಲೆ ಶೇ 10 ಎಂದು ಹಿಡಿಯುವುದರಿಂದ ವರ್ಷಕ್ಕೆ ಶೇ 1.5 ಇಳಿಯುತ್ತದೆ. 20 ವರ್ಷಕ್ಕೆ ಶೇ 30, ಅಂದರೆ ₹9 ಲಕ್ಷ ಹೋಗಿ ₹21 ಲಕ್ಷ ಉಳಿಯಿತು. ಒಟ್ಟು ₹81 ಲಕ್ಷ. ಈ ಲೆಕ್ಕದಲ್ಲಿ ಬಣ್ಣಕ್ಕೆ ಜಾಗವೇ ಇಲ್ಲ. ಸೋಫಾ, ಪರದೆ, ಎಸಿಗಳಿಗಂತೂ ಇಲ್ಲವೇ ಇಲ್ಲ. ಸಂಪು, ಬೋರ್‌ವೆಲ್, ಕಾಂಪೌಂಡ್, ಗೇಟುಗಳಿಗೆ ಸ್ವಲ್ಪ ಮೊತ್ತ ಪ್ರತ್ಯೇಕವಾಗಿ ಸೇರಬಹುದು. ಅವನ್ನು ಮರೆಯದೆ ತೋರಿಸಿ.

ಇನ್ನು ಕಾಗದ ಹೊಂದದಿದ್ದರೆ ಆಗುವ ನಷ್ಟ ನೋಡಿ. ಮೇಲಿನ ಮಹಡಿ ಮಂಜೂರಾದ ನಕ್ಷೆಯಲ್ಲಿ ಇಲ್ಲದಿದ್ದರೆ ಎಷ್ಟೋ ಬ್ಯಾಂಕುಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದೇ ಮನೆಯಲ್ಲಿ ಮೇಲಿನ 600 ಚದರಡಿಗೆ ಸವಕಳಿ ಕಳೆದು ಬರುವ ₹8.4 ಲಕ್ಷ ಅಲ್ಲಿಗೆ ಹೋಯಿತು. ಕ್ರಯಪತ್ರದಲ್ಲಿ 30x40 ಎಂದಿದ್ದು, ಟೇಪು ಹಿಡಿದಾಗ 29x39.5 ಬಂದರೆ ಚಿಕ್ಕ ಅಳತೆಯನ್ನೇ ಹಿಡಿಯುತ್ತಾರೆ. 54.5 ಚದರಡಿಗೆ ₹2.7 ಲಕ್ಷಕ್ಕೂ ಹೆಚ್ಚು ಕಡಿತ.

ಹಾಗಾಗಿ ಮೊದಲು ನೀವೇ ಟೇಪು ಹಿಡಿಯಿರಿ. ಕಾಂಪೌಂಡ್ ಗೋಡೆ ಸೇರಿಸಿ ನಾಲ್ಕೂ ಬದಿ ಅಳೆದು ಬರೆದಿಡಿ. ಮುಂದಿನ ಬದಿ ಒಂದನ್ನೇ ಅಳೆದರೆ ಸಾಲದು, ಹಿಂದೆ ಕಿರಿದಾದ ನಿವೇಶನಗಳು ಬೇಕಾದಷ್ಟಿವೆ. ಆಮೇಲೆ ಕ್ರಯಪತ್ರದ ಕೊನೆಯಲ್ಲಿ ಆಸ್ತಿಯ ವಿವರವಿರುವ ಷೆಡ್ಯೂಲ್ ತೆಗೆದು ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಓದಿ. ‘ಪೂರ್ವಕ್ಕೆ ಸೈಟ್ ನಂ. 15, ಉತ್ತರಕ್ಕೆ ರಸ್ತೆ’ ಎಂದು ಬರೆದಿರುತ್ತದೆ. ಸೈಟ್ 15ರಲ್ಲಿ ಈಗ ಮೂರು ಮಹಡಿ ಎದ್ದಿರುತ್ತದೆ, ಗೇಟಿನ ಮೇಲೆ 112/1 ಎಂದಿರುತ್ತದೆ. ಬಂದವರಿಗೆ ಅದೇ ಸೈಟ್ 15 ಎಂದು ಗೊತ್ತಾಗುವುದು ಹೇಗೆ? ಒಂದು ಹಾಳೆಯಲ್ಲಿ ನಾಲ್ಕು ದಿಕ್ಕು ಗುರುತಿಸಿ, ಪ್ರತಿ ದಿಕ್ಕಿಗೂ ಹಳೆಯ ಸೈಟ್ ನಂಬರು, ಈಗಿನ ಮನೆ ನಂಬರು, ಮಾಲೀಕರ ಹೆಸರು ಬರೆದು ಕೊಡಿ. ಮನೆಯನ್ನು ಗುರುತಿಸಲಾಗದೆ ವರದಿ ನಿಂತುಹೋಗುವುದನ್ನು ಈ ಒಂದು ಹಾಳೆ ತಪ್ಪಿಸುತ್ತದೆ. ನಿಮ್ಮದೇ ಮನೆಯ ನಂಬರು ಬಾಗಿಲ ಬಳಿ ಕಾಣುವಂತಿರಲಿ. ಫೋಟೊದಲ್ಲಿ ಅದು ಬರಬೇಕು.

ಕ್ರಯಪತ್ರ, ಇ-ಖಾತಾ, ಈ ವರ್ಷದ ಕಂದಾಯ ರಸೀದಿ, ಮಂಜೂರಾದ ನಕ್ಷೆ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನ ಹೊಸ ಇಸಿ (ಋಣಭಾರ ಪ್ರಮಾಣಪತ್ರ), ಕರೆಂಟ್ ಬಿಲ್ಲು, ಇಷ್ಟರ ಜೆರಾಕ್ಸ್ ಒಂದು ಕವರಿನಲ್ಲಿರಲಿ. ಹೆಸರು, ಅಳತೆ, ನಂಬರು ಎಲ್ಲದರಲ್ಲೂ ಒಂದೇ ಇದೆಯೇ ನೋಡಿ. ಖಾತೆ ಇನ್ನೂ ತಂದೆಯವರ ಹೆಸರಿನಲ್ಲಿದ್ದರೆ ಇಂದೇ ಬ್ಯಾಂಕಿಗೆ ಹೇಳಿಬಿಡಿ, ಹತ್ತು ದಿನದಲ್ಲಿ ಮುಗಿಯುವ ಕೆಲಸವಲ್ಲ ಅದು. ಫ್ಲಾಟ್ ಆದರೆ ಒಸಿ (ವಾಸಯೋಗ್ಯ ಪ್ರಮಾಣಪತ್ರ) ಮತ್ತು ಕ್ರಯಪತ್ರದಲ್ಲಿ ಬರೆದಿರುವ ಅವಿಭಾಜ್ಯ ಭೂಮಿಯ ಪಾಲು ಮುಖ್ಯ.

ಈಗ ತಾರಸಿ. ವರದಿಯಲ್ಲಿ ಕಟ್ಟಡಕ್ಕೆ ಇನ್ನೆಷ್ಟು ವರ್ಷ ಆಯುಷ್ಯವಿದೆ ಎಂದು ಬರೆಯಬೇಕಾಗುತ್ತದೆ. ಅದು ಸಾಲದ ಅವಧಿಗಿಂತ ಹೆಚ್ಚಿರಬೇಕು ಎಂದು ಬ್ಯಾಂಕು ಬಯಸುತ್ತದೆ. ಈ ಅಂದಾಜನ್ನು ಕೆಡಿಸುವುದು ನೀರು. ಸೀಲಿಂಗಿನಲ್ಲಿ ಕಂದು ಬಣ್ಣದ ಉಂಗುರ, ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ, ಬಾಲ್ಕನಿಯ ಕೆಳಗೆ ಗಾರೆ ಉದುರಿ ಕಾಣುವ ತುಕ್ಕು ಹಿಡಿದ ಕಂಬಿ, ಈ ಮೂರನ್ನು ವ್ಯಾಲ್ಯುಯರ್ ಕಣ್ಣು ಬೇಗ ಹುಡುಕುತ್ತದೆ. ಕಂಬಿ ಕಂಡಲ್ಲಿ ಮೇಲೆ ಸಿಮೆಂಟು ಮೆತ್ತಿಸಬೇಡಿ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಮೆತ್ತಿದ್ದನ್ನು ಮತ್ತೆ ಬೀಳಿಸುತ್ತದೆ. ಸಡಿಲವಾದ ಕಾಂಕ್ರೀಟನ್ನು ಒಡೆದು ತೆಗೆದು, ತಂತಿ ಬ್ರಷ್ಷಿನಿಂದ ಕಂಬಿ ಉಜ್ಜಿ, ತುಕ್ಕು ನಿರೋಧಕ ಬಳಿದು, ಆಮೇಲೆ ಪಾಲಿಮರ್ ಬೆರೆಸಿದ ಗಾರೆ ತುಂಬಿಸಬೇಕು. ಸೋರಿಕೆಗೆ ಮೊದಲು ತಾರಸಿಯ ಮಳೆನೀರಿನ ಪೈಪಿನ ಬಾಯಿ ನೋಡಿ. ಎಲೆ, ಮಣ್ಣು ಕಟ್ಟಿ ನೀರು ನಿಂತಿರುತ್ತದೆ. ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯಲ್ಲಿ ಬಿರುಕಿದ್ದರೆ ತುಂಬಿಸಿ. ನೀರು ನಿಲ್ಲಿಸದೆ ಒದ್ದೆ ಸೀಲಿಂಗಿಗೆ ಬಣ್ಣ ಹಚ್ಚಿದರೆ ಕೆಲವೇ ದಿನದಲ್ಲಿ ಗುಳ್ಳೆ ಏಳುತ್ತದೆ, ಒಂದೇ ಕಡೆ ಹೊಸ ಬಣ್ಣ ಕಂಡರೆ ಅನುಮಾನವೂ ಹುಟ್ಟುತ್ತದೆ. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗಿ ದಿನೇದಿನೇ ಅಗಲವಾಗುತ್ತಿದ್ದರೆ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ.

ವ್ಯಾಲ್ಯುಯರ್ ಬರುವ ದಿನ ಎಲ್ಲ ಕೋಣೆಗಳೂ ತಾರಸಿಯ ಬಾಗಿಲೂ ತೆರೆದಿರಲಿ. ಬೀಗ ಹಾಕಿದ ಕೋಣೆಯನ್ನು ಅಳೆಯಲಾಗುವುದಿಲ್ಲ. ಬಾಡಿಗೆಯವರಿದ್ದರೆ ಮೊದಲೇ ತಿಳಿಸಿ. ನಾಯಿ ಇದ್ದರೆ ಕಟ್ಟಿಹಾಕಿ. ಅಳೆಯುವಾಗ ಬೆಲೆಯ ಬಗ್ಗೆ ಚೌಕಾಸಿ ಬೇಡ. ಕೇಳಿದ್ದಕ್ಕೆ ಉತ್ತರ ಕೊಡಿ, ರಿಪೇರಿಯ ಬಿಲ್ಲು ತೋರಿಸಿ.

ಬೆಲೆ ತೀರಾ ಕಡಿಮೆ ಬಂತು ಎನ್ನಿಸಿದರೆ ಶಾಖೆಗೆ ಲಿಖಿತವಾಗಿ ಕೇಳಿ, ಇನ್ನೊಬ್ಬರಿಂದ ಮೌಲ್ಯಮಾಪನಕ್ಕೆ ಕೋರಬಹುದು. ಅದೇ ಬೀದಿಯಲ್ಲಿ ಇತ್ತೀಚೆಗೆ ನೋಂದಣಿಯಾದ ಕ್ರಯಪತ್ರಗಳ ನಕಲು ಜೊತೆಗಿಟ್ಟರೆ ಒಳ್ಳೆಯದು. ಕೊಡುವ ಮೊದಲು ಅವುಗಳಲ್ಲಿ ನಮೂದಾದ ಮೊತ್ತ ಓದಿಕೊಳ್ಳಿ. ಎಷ್ಟೋ ಕ್ರಯ ಮಾರ್ಗಸೂಚಿ ದರಕ್ಕೇ (ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ದರ) ನೋಂದಣಿಯಾಗಿರುತ್ತದೆ, ಅಂಥ ಕಾಗದ ನಿಮ್ಮ ವಾದವನ್ನೇ ಕೆಡಿಸುತ್ತದೆ.