ಹೆದರಿಸುವುದು ಬೇರೆ, ಬೆದರಿಸುವುದು ಬೇರೆ

“ಕಾವಲುಗಾರನನ್ನ ಇಂಟಿಮಿಡೇಟ್ ಮಾಡ್ತೀನಿ”, ಅಂದರೆ ಹೆದರಿಸ್ತೀನಿ, ಎಂದು ಆಟಗಾರ ಹೇಳಿ ಮುಗಿಸುವಷ್ಟರಲ್ಲಿ ದಾಳ ಮೇಜಿನ ಮೇಲೆ ಉರುಳಿರುತ್ತದೆ. ಇಪ್ಪತ್ತು ಮುಖದ ದಾಳದಲ್ಲಿ 19 ಬಿದ್ದಿದೆ. ಆಟ ನಡೆಸುವ ಗೇಮ್ ಮಾಸ್ಟರ್ ಈಗ ಏನು ಹೇಳಬೇಕು? ಕಾವಲುಗಾರ ಬಾಗಿಲು ತೆರೆದನೇ, ಓಡಿಹೋದನೇ, ಕೂಗಿ ಜೊತೆಯವರನ್ನು ಕರೆದನೇ? ತನಗೆ ಏನಾಗಬೇಕು ಎಂದು ಆಟಗಾರ ಹೇಳಿಯೇ ಇಲ್ಲ. ಟೇಬಲ್‌ಟಾಪ್ ಆರ್‌ಪಿಜಿಗಳಲ್ಲಿ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟಗಳಲ್ಲಿ) ಮಾತಿನ ಸ್ಕಿಲ್‌ಗಳು, ಅಂದರೆ ಪಾತ್ರದ ಮಾತಿನ ಕೌಶಲಗಳು, ಕೆಡುವುದು ಬಹುಮಟ್ಟಿಗೆ ಇಲ್ಲೇ.

ದಾಳ ಕೈಗೆತ್ತಿಕೊಳ್ಳುವ ಮೊದಲೇ ಮೂರು ವಿಷಯ ಇತ್ಯರ್ಥವಾಗಬೇಕು. ಅವನಿಂದ ಏನು ಬೇಕು, ಯಾವುದನ್ನು ಮುಂದಿಟ್ಟು ಹೆದರಿಸುತ್ತೀರಿ: ಇವೆರಡನ್ನು ಆಟಗಾರ ಹೇಳಬೇಕು. ಸೋತರೆ ಏನಾಗುತ್ತದೆ ಎಂಬುದನ್ನು ಗೇಮ್ ಮಾಸ್ಟರ್ ಹೇಳಬೇಕು, ಅದೂ ಎಲ್ಲರಿಗೂ ಕೇಳುವಂತೆ. ಸಂಕೋಚದ ಆಟಗಾರರು ಇದನ್ನು ಅಭಿನಯಿಸಿ ತೋರಿಸಬೇಕಿಲ್ಲ. “ಅವನು ಲಂಚ ತಿಂದದ್ದು ನಮಗೆ ಗೊತ್ತು ಅಂತ ಸೂಚನೆ ಕೊಡ್ತೀನಿ” ಎಂದರೆ ಸಾಕು. ಕತ್ತಿ ಬೀಸದವರಿಗೂ ಕತ್ತಿವರಸೆ ಆಡಲು ಬಿಡುವ ನಾವು ಮಾತು ಬಾರದವರಿಗೆ ಮಾತ್ರ ಪರೀಕ್ಷೆ ಒಡ್ಡುವುದು ಅನ್ಯಾಯ.

ಹೆದರಿಸುವುದು, ಬೆದರಿಸುವುದು ಎಂಬ ಎರಡು ಮಾತು ಕನ್ನಡದಲ್ಲಿ ಜೋಡಿಯಾಗಿ ಓಡಾಡುತ್ತವೆ. ಆಟದಲ್ಲಿ ಅವನ್ನು ಬಿಡಿಸಿಟ್ಟುಕೊಳ್ಳುವುದು ಒಳ್ಳೆಯದು. 2019ರಲ್ಲಿ ಬಂದ ಪಾತ್‌ಫೈಂಡರ್ ಎಂಬ ಆಟದ ಎರಡನೇ ಆವೃತ್ತಿ ಹಾಗೆಯೇ ಮಾಡಿದೆ. ಅಲ್ಲಿನ ಡಿಮಾರಲೈಸ್ ಎಂದರೆ ಕಾಳಗದ ನಡುವೆ ಎದುರಾಳಿಯ ಎದೆ ನಡುಗಿಸುವುದು. ನಿಮ್ಮ ಸರದಿಯ ಒಂದೇ ಆಕ್ಷನ್ (ಕ್ರಿಯೆ), 30 ಅಡಿಯೊಳಗೆ. ಗೆದ್ದರೆ ಅವನ ಎಲ್ಲ ಚೆಕ್‌ಗಳಿಗೂ (ಅವನು ಹಾಕುವ ದಾಳಗಳಿಗೂ) ಡಿಸಿಗಳಿಗೂ (ಅವನ ಎದುರು ಗೆಲ್ಲಲು ದಾಳ ಮುಟ್ಟಬೇಕಾದ ಅಂಕಿಗಳಿಗೂ) 1 ಕಡಿತ, ಅದೂ ಅವನ ಸರದಿ ಮುಗಿಯುವವರೆಗೆ. ನಿಮ್ಮ ಭಾಷೆ ಅವನಿಗೆ ತಿಳಿಯದಿದ್ದರೆ ನಿಮ್ಮ ದಾಳಕ್ಕೇ 4 ಕಡಿತ. ಕೊಅರ್ಸ್ ಎಂಬುದು ಬೆದರಿಸಿ ಕೆಲಸ ಮಾಡಿಸಿಕೊಳ್ಳುವ ಬಗೆ. ಅದಕ್ಕೆ ಕನಿಷ್ಠ ಒಂದು ನಿಮಿಷದ ಮಾತುಕತೆ ಬೇಕು. ಗೆದ್ದರೂ ಅವನು ಹೆಚ್ಚೆಂದರೆ ಒಂದು ದಿನ ಮಾತು ಕೇಳುತ್ತಾನೆ, ಆಮೇಲೆ ನಿಮ್ಮನ್ನು ಕಂಡರಾಗದವನಾಗುತ್ತಾನೆ. ತೀರಾ ಕೆಟ್ಟದಾಗಿ ಸೋತರೆ ಕನಿಷ್ಠ ಒಂದು ವಾರ ನೀವು ಅವನನ್ನು ಬೆದರಿಸುವಂತೆಯೇ ಇಲ್ಲ.

ಗೆದ್ದ ಮೇಲೂ ಉಳಿಯುವ ಈ ಬೆಲೆಯೇ ಇಂಟಿಮಿಡೇಷನ್ ಸ್ಕಿಲ್‌ನ ತಿರುಳು. 2003ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 3.5ರಲ್ಲೂ ಅದಿತ್ತು: ಹೆದರಿದವನು ನೀವು ಎದುರಿಗಿರುವಷ್ಟು ಹೊತ್ತು ಸ್ನೇಹಿತನಂತೆ ನಡೆದುಕೊಳ್ಳುತ್ತಾನೆ. ನೀವು ಹೋದ ಮೇಲೆ ಅದು ಆರು ಮುಖದ ಒಂದು ದಾಳದ ಅಂಕಿಯನ್ನು ಹತ್ತರಿಂದ ಗುಣಿಸಿದಷ್ಟು ನಿಮಿಷ ಮಾತ್ರ. ಈ ಬೆಲೆಯನ್ನು ವಸೂಲು ಮಾಡದ ಗೇಮ್ ಮಾಸ್ಟರ್‌ಗಳ ಮೇಜಿನಲ್ಲಿ ಪರ್ಸುಯೇಷನ್ (ಮಾತಿನಿಂದ ಒಲಿಸುವ ಸ್ಕಿಲ್) ಕಲಿಯುವವರೇ ಇರುವುದಿಲ್ಲ. ಎಲ್ಲರೂ ಗದರುವವರೇ.

ಇನ್ನು ಅಂಕಿಗಳು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಆವೃತ್ತಿಯಲ್ಲಿ ಇಂಟಿಮಿಡೇಷನ್ ಕರಿಸ್ಮಾದ (ವ್ಯಕ್ತಿತ್ವದ ಸೆಳೆತದ) ಸ್ಕಿಲ್. ಕರಿಸ್ಮಾ 8, ಸ್ಟ್ರೆಂತ್ (ದೇಹಬಲ) 16 ಇರುವ ಮೂರನೇ ಲೆವೆಲ್‌ನ ಬಾರ್ಬೇರಿಯನ್ ಯೋಧನಿಗೆ ಆ ಸ್ಕಿಲ್ ಇದ್ದರೂ ದಾಳಕ್ಕೆ ಕೂಡಿಕೊಳ್ಳಲು ಸಿಗುವುದು +1 ಮಾತ್ರ. ಡಿಸಿ 15ರ ಎದುರು 35% ಅವಕಾಶ. ಅವನು ಕಬ್ಬಿಣದ ಸಲಾಕೆ ಬಗ್ಗಿಸಿ ತೋರಿಸುತ್ತಿದ್ದರೆ, ಐಚ್ಛಿಕ ನಿಯಮದಂತೆ ಸ್ಟ್ರೆಂತ್ ಬಳಸಲು ಬಿಡಿ. +5 ಆಗಿ ಅವಕಾಶ 55%ಕ್ಕೆ ಏರುತ್ತದೆ. ಒಬ್ಬ ಸೋತ ಮೇಲೆ ಇನ್ನೊಬ್ಬ, ಮತ್ತೊಬ್ಬ ದಾಳ ಹಾಕುವುದಕ್ಕೆ ಮಾತ್ರ ಬಿಡಬೇಡಿ. ತಲಾ 30% ಅವಕಾಶವಿರುವ ನಾಲ್ವರು ಒಬ್ಬರಾದ ಮೇಲೊಬ್ಬರು ಹಾಕಿದರೆ, ಯಾರಾದರೊಬ್ಬರು ಗೆಲ್ಲುವ ಸಾಧ್ಯತೆ 76%. ಅದೇ ಆಟದ 2024ರ ನಿಯಮದಲ್ಲಿ ಸೋತವರು ಅದೇ ಬಗೆಯಲ್ಲಿ ಮತ್ತೆ ಯತ್ನಿಸಲು 24 ಗಂಟೆ ಕಾಯಬೇಕು.

ಆ ಕಾವಲುಗಾರನ ವಿಷಯಕ್ಕೆ ಮರಳೋಣ. ಅದೇ ಆಟದ 2014ರ ಡಂಜನ್ ಮಾಸ್ಟರ್ಸ್ ಗೈಡ್ (ಗೇಮ್ ಮಾಸ್ಟರ್‌ಗಳ ಕೈಪಿಡಿ) ಪ್ರಕಾರ, ಹಗೆಯಿರುವವನು ಡಿಸಿ 20 ದಾಟಿದರೂ ತನಗೆ ಅಪಾಯವಿಲ್ಲದ ಕೆಲಸವನ್ನಷ್ಟೇ ಮಾಡಿಕೊಡುತ್ತಾನೆ. ಬಾಗಿಲು ತೆರೆದರೆ ತನ್ನನ್ನು ನೇಣಿಗೆ ಹಾಕುತ್ತಾರೆ ಎಂದು ಅವನಿಗೆ ಗೊತ್ತಿದ್ದರೆ ಒಟ್ಟು 27 ಬಂದರೂ ತೆರೆಯುವುದಿಲ್ಲ. ಆದ್ದರಿಂದ ಆಟಗಾರರು ಹೆಚ್ಚಿಸಬೇಕಾದದ್ದು ತಮ್ಮ ಮಾಡಿಫೈಯರ್ (ದಾಳಕ್ಕೆ ಕೂಡುವ ಅಂಕಿ) ಅಲ್ಲ, ತಗ್ಗಿಸಬೇಕಾದದ್ದು ಅವನ ಅಪಾಯ. “ನಿನ್ನನ್ನು ಕಟ್ಟಿಹಾಕಿ ಹೋಗ್ತೀವಿ, ಬಡಿದಾಡಿ ಸೋತೆ ಅಂತ ಹೇಳು” ಎಂದರೆ ಅದೇ ದಾಳ ಕೆಲಸ ಮಾಡುತ್ತದೆ. ಅವನ ನಂಬಿಕೆಯನ್ನೋ ನಂಟನ್ನೋ ಮುಟ್ಟುವ ಮಾತಾಡಿದರೆ ಅವನ ಧೋರಣೆಯೇ ತಾತ್ಕಾಲಿಕವಾಗಿ ಒಂದು ಮೆಟ್ಟಿಲು ಬದಲಾಗಬಹುದು. ಒಳ್ಳೆಯ ಮಾತಿಗೆ ನ್ಯಾಯವಾದ ಪ್ರತಿಫಲ ಅದು.

ಲೀಡರ್‌ಶಿಪ್‌ನ, ಅಂದರೆ ನಾಯಕತ್ವದ, ರೀತಿಯೇ ಬೇರೆ. ಐದನೇ ಆವೃತ್ತಿಯ 18 ಸ್ಕಿಲ್‌ಗಳಲ್ಲಿ ಅದು ಇಲ್ಲ. ಗರ್ಪ್ಸ್ ಎಂಬ ಆಟದಲ್ಲಿ ಇದೆ, ಬುದ್ಧಿಶಕ್ತಿಯ ಮೇಲೆ ನಿಂತಿದೆ. ಅಲ್ಲಿ ಆರು ಮುಖದ ಮೂರು ದಾಳದ ಮೊತ್ತ ಸ್ಕಿಲ್‌ನ ಅಂಕಿ ಮೀರದಿದ್ದರೆ ಗೆಲುವು; ಸ್ಕಿಲ್ 12 ಇದ್ದರೆ ಸುಮಾರು 74% ಸಲ ಜನ ಹಿಂದೆ ಬರುತ್ತಾರೆ. ಅದನ್ನು ಬಳಸುವ ಸಂದರ್ಭ ಸ್ಪಷ್ಟ: ಗೇಮ್ ಮಾಸ್ಟರ್ ಆಡಿಸುವ ಪಾತ್ರಗಳನ್ನು ಅಪಾಯದೊಳಕ್ಕೆ ಕರೆದೊಯ್ಯುವಾಗ. ಆಟಗಾರರ ಪಾತ್ರಗಳು ಹಿಂಬಾಲಿಸಬೇಕೋ ಬೇಡವೋ ಎಂಬುದು ಅವರವರಿಗೇ ಬಿಟ್ಟದ್ದು.

ಲೀಡರ್‌ಶಿಪ್ ಸ್ಕಿಲ್ ಇಲ್ಲದ ಆಟದಲ್ಲೂ ಅದನ್ನು ತರಬಹುದು. 1981ರ ಬೇಸಿಕ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ನಾಯಕನ ಕರಿಸ್ಮಾ ನೋಡಿ ಕೂಲಿಗೆ ಬಂದವರ ಮೊರಾಲ್ (ಎದೆಗಾರಿಕೆ) ನಿಗದಿಯಾಗುತ್ತದೆ: 9ರಿಂದ 12 ಇದ್ದರೆ 7, 18 ಇದ್ದರೆ 10. ಆರು ಮುಖದ ಎರಡು ದಾಳದ ಮೊತ್ತ ಆ ಅಂಕಿ ಮೀರಿದರೆ ಕಾಲ್ಕೀಳುತ್ತಾರೆ. ನಿಲ್ಲುವ ಸಾಧ್ಯತೆ ಮೊದಲನೆಯದರಲ್ಲಿ 58%, ಎರಡನೆಯದರಲ್ಲಿ 92%. ನನ್ನ ಮಟ್ಟಿಗೆ ನಾಯಕತ್ವದ ಅತ್ಯಂತ ಚೊಕ್ಕ ನಿಯಮ ಇದೇ. ಏಕೆಂದರೆ ನಾಯಕ ಭಾಷಣ ಮಾಡಿದ ಗಳಿಗೆಯಲ್ಲಿ ದಾಳ ಬೀಳುವುದಿಲ್ಲ. ನಿರೀಕ್ಷೆ ಮೀರಿದ ಅಪಾಯ ಎದುರಾದಾಗ, ಸಾಹಸ ಮುಗಿದು ಮನೆಗೆ ಮರಳಿದಾಗ ಬೀಳುತ್ತದೆ.

ಆಟಗಾರರ ಪಾತ್ರಗಳೇ ಒಂದನ್ನೊಂದು ಒಪ್ಪಿಸಬೇಕಾದಾಗ 2010ರ ಅಪೋಕಲಿಪ್ಸ್ ವರ್ಲ್ಡ್ ಎಂಬ ಆಟದ ದಾರಿ ನೋಡಿ. ಅಲ್ಲಿ ಪೂರ್ತಿ ಗೆಲುವೆನಿಸುವ 10 ಅಥವಾ ಹೆಚ್ಚು ಬಿದ್ದರೂ ಎದುರಿನ ಆಟಗಾರನ ಆಯ್ಕೆ ಅವನ ಕೈಯಲ್ಲೇ ಇರುತ್ತದೆ. ಒಪ್ಪಿದರೆ ಅವನಿಗೆ ಪಾತ್ರ ಬೆಳೆಯಲು ಬೇಕಾದ ಒಂದು ಎಕ್ಸ್‌ಪೀರಿಯನ್ಸ್ ಗುರುತು. ಒಪ್ಪದಿದ್ದರೆ, ಒತ್ತಡದಲ್ಲಿ ಕೆಲಸ ಮಾಡುವವರು ಹಾಕಬೇಕಾದ ದಾಳವನ್ನು ಅವನೂ ಹಾಕಬೇಕು. ಬೇರೆ ಆಟಗಳಿಗೂ ಇದನ್ನು ತರಬಹುದು: ಐದನೇ ಆವೃತ್ತಿಯಾದರೆ ಒಪ್ಪಿದವನಿಗೆ ಇನ್‌ಸ್ಪಿರೇಷನ್ (ಮುಂದೆ ಒಂದು ದಾಳಕ್ಕೆ ಸಿಗುವ ಅನುಕೂಲ) ಕೊಡಿ.