ಕಲಿಲ ಬೆಳ್ಳಿ: ಹೆಸರೊಂದು, ಲೋಟದಲ್ಲಿರುವುದು ಇನ್ನೊಂದು

‘ಕೊಲಾಯ್ಡ್’ ಎಂಬ ಪದವನ್ನು 1861ರಲ್ಲಿ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ ಅಂಟು ಎಂಬರ್ಥದ ಗ್ರೀಕ್ ಮಾತಿನಿಂದ ಕಟ್ಟಿದ. ನಮ್ಮ ಪಠ್ಯಗಳಲ್ಲಿ ಅದು ‘ಕಲಿಲ’. ಕರಗಿಯೂ ಹೋಗದೆ, ತಳಕ್ಕೂ ಇಳಿಯದೆ ತೇಲಾಡುವ ಕಣಗಳಿದ್ದರೆ ಕಲಿಲ. ಕಣದ ಗಾತ್ರ ಸುಮಾರು 1ರಿಂದ 1000 ನ್ಯಾನೋಮೀಟರ್. ಉಪ್ಪುನೀರು ಹಾಗಲ್ಲ. ಅಲ್ಲಿ ಉಪ್ಪು ಅಯಾನುಗಳಾಗಿ (ವಿದ್ಯುದಾವೇಶ ಹೊತ್ತ ಪರಮಾಣುಗಳಾಗಿ) ಬಿಡಿಬಿಡಿಯಾಗಿ ಕರಗಿರುತ್ತದೆ, ಅದು ದ್ರಾವಣ.

ಈಗ ಔಷಧವೆಂದು ಕುಡಿಯಲು ಮನೆಯಲ್ಲೇ ‘ಕೊಲಾಯ್ಡಲ್ ಸಿಲ್ವರ್’ (ಕಲಿಲ ಬೆಳ್ಳಿ) ಮಾಡುವವರನ್ನು ನೋಡಿ. ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಬೆಳ್ಳಿ ತಂತಿ, ಸಾಲಾಗಿ ಜೋಡಿಸಿದ ಮೂರು 9 ವೋಲ್ಟ್ ಬ್ಯಾಟರಿ. ‘ಕರೆಂಟು ಬೆಳ್ಳಿಯ ಕಣಗಳನ್ನು ಕಿತ್ತು ನೀರಿಗೆ ಬಿಡುತ್ತದೆ’ ಎನ್ನುತ್ತಾರೆ. ಎಡವುವುದು ಇಲ್ಲೇ. ಧನಾಗ್ರದಲ್ಲಿ ಬೆಳ್ಳಿಯ ಪರಮಾಣು ಒಂದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನಾಗಿ ನೀರಿಗಿಳಿಯುತ್ತದೆ, ಋಣಾಗ್ರದಲ್ಲಿ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಕೆಲವು ಅಯಾನುಗಳು ಮತ್ತೆ ಲೋಹವಾಗಿ ಕಣಗಟ್ಟುವುದುಂಟು. ಆದರೆ ಲೋಟದಲ್ಲಿ ಹೆಚ್ಚಿನ ಪಾಲು ದ್ರಾವಣವೇ. ಕಣಗಳನ್ನೇ ಬೇಕೆಂದವನು ರಸಾಯನಶಾಸ್ತ್ರಜ್ಞ ಜಾರ್ಜ್ ಬ್ರೆಡಿಗ್: 1898ರಲ್ಲಿ ನೀರಿನೊಳಗೆ ಲೋಹದ ತಂತಿಗಳ ನಡುವೆ ಕಿಡಿ ಹೊತ್ತಿಸಿ, ಲೋಹವನ್ನೇ ಆವಿ ಮಾಡಿ ನೀರಲ್ಲಿ ಹೆಪ್ಪುಗಟ್ಟಿಸಿದ. ಅದು ಬ್ಯಾಟರಿ ಲೋಟದಲ್ಲಿ ನಡೆಯುವ ವಿದ್ಯುದ್ವಿಭಜನೆಯಲ್ಲ, ಎರಡನ್ನೂ ಒಂದೇ ಹೆಸರಲ್ಲಿ ಕರೆಯುವುದು ತಪ್ಪು.

ಮನೆಯಲ್ಲಿ ಮಾಡಿದ ಆ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗುತ್ತದೆ, ಅದು ಸಿಲ್ವರ್ ಕ್ಲೋರೈಡ್. ಅಂದರೆ ಅಯಾನುಗಳಿದ್ದವು. ಹೊಟ್ಟೆಯ ಆಮ್ಲದಲ್ಲೂ ಕ್ಲೋರೈಡ್ ಧಾರಾಳವಾಗಿದೆ, ಅಲ್ಲೂ ಇದೇ ಆಗುತ್ತದೆ ಎಂಬುದನ್ನು ಕುಡಿಯುವವರು ಮರೆಯುತ್ತಾರೆ. ‘ನಮ್ಮದು ನೀರಿನಷ್ಟೇ ತಿಳಿ, ಅಷ್ಟು ಶುದ್ಧ ಕೊಲಾಯ್ಡ್’ ಎಂಬ ಮಾರಾಟದ ಮಾತಂತೂ ತಲೆಕೆಳಗು: ಸಣ್ಣ ಬೆಳ್ಳಿ ಕಣಗಳು 400 ನ್ಯಾನೋಮೀಟರ್ ಆಸುಪಾಸಿನ ನೇರಳೆ ಬೆಳಕನ್ನು ಹೀರುವುದರಿಂದ ನಿಜವಾದ ಬೆಳ್ಳಿ ಕಲಿಲ ಹಳದಿ.

ಹೆಸರು ಸರಿಹೋದ ಮಾತ್ರಕ್ಕೆ ಅದು ಔಷಧವಾಗುವುದಿಲ್ಲ, ಬಿಡಿ. ಬೆಳ್ಳಿ ಮೈಯಲ್ಲಿ ಕೂತು ಚರ್ಮ ಬೂದುನೀಲಿಯಾಗುವ ‘ಆರ್ಜೀರಿಯಾ’ ಮರಳಿ ಹೋಗುವುದಿಲ್ಲ. 1999ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ವೈದ್ಯರ ಚೀಟಿಯಿಲ್ಲದೆ ಮಾರುವ ಇಂಥ ಔಷಧಗಳನ್ನು ಸುರಕ್ಷಿತ, ಪರಿಣಾಮಕಾರಿ ಎಂದು ಮಾನ್ಯ ಮಾಡಲಾಗದು ಎಂದಿತು.

ಕೊನೆಯದು ‘ಪಿಪಿಎಂ’. ಲೀಟರಿಗೆ ಎಷ್ಟು ಮಿಲಿಗ್ರಾಂ ಬೆಳ್ಳಿ ಎಂಬುದು ಅದರ ಅರ್ಥ. ಅಳೆಯುವುದೋ, ಮನೆಯ ಆರ್‌ಓ ನೀರಿಗೆ ಅದ್ದುವ ಟಿಡಿಎಸ್ ಮೀಟರಿನಲ್ಲಿ! ಅದು ನೋಡುವುದು ನೀರಿನ ವಾಹಕತೆಯನ್ನು. ಬೆಳ್ಳಿಯೋ ಉಪ್ಪೋ ಅದಕ್ಕೆ ಭೇದವಿಲ್ಲ. ಇನ್ನು ತೇಲುವ ಬೆಳ್ಳಿ ಕಣಗಳು, ಬಾಟಲಿಯ ಮೇಲೆ ಯಾರ ಹೆಸರು ಬರೆದಿದೆಯೋ ಅವೇ, ಅದರ ಲೆಕ್ಕಕ್ಕೆ ಬಹುತೇಕ ಸಿಗುವುದೇ ಇಲ್ಲ.